ಸಿಎಸ್‌ವಿ ಬಿಟ್ಟು ಪಾರ್ಕೆಗೆ ಬರಬೇಕೆ?

ಪರ: ಬರಲೇಬೇಕು

ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿ ಸಾಲು ಸಾಲಾಗಿ ಡೇಟಾ ಬರೆದಿಟ್ಟ ಪಠ್ಯ ಕಡತ. 50 ಕಾಲಂಗಳಲ್ಲಿ ಎರಡೇ ಬೇಕಿದ್ದರೂ ಪ್ರತಿ ಸಾಲನ್ನೂ ಅಲ್ಪವಿರಾಮಗಳ ಜಾಡು ಹಿಡಿದು ಓದಲೇಬೇಕು. ಪಾರ್ಕೆ ಎಂಬ ಇನ್ನೊಂದು ಕಡತ ಮಾದರಿಯಲ್ಲಿ ಒಂದು ಕಾಲಂನ ಮೌಲ್ಯಗಳು ಒತ್ತಟ್ಟಿಗೆ ಇರುತ್ತವೆ. 2017ರ 0.21 ಆವೃತ್ತಿಯಿಂದ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಯಲ್ಲಿರುವ ರೀಡ್_ಪಾರ್ಕೆ ಫಂಕ್ಷನ್ನಿಗೆ ಎರಡು ಕಾಲಂಗಳ ಹೆಸರು ಕೊಟ್ಟರೆ ಆ ಎರಡನ್ನಷ್ಟೇ ಎತ್ತಿಕೊಂಡು ಬರುತ್ತದೆ. ಜಿಲ್ಲೆಯ ಹೆಸರು ಲಕ್ಷ ಸಲ ಬಂದರೂ ಹೆಸರುಗಳ ಪಟ್ಟಿಯನ್ನು ಒಂದೆಡೆ ಬರೆದು, ಉಳಿದೆಡೆ ಸಣ್ಣ ಸಂಖ್ಯೆ ಇಡುವುದರಿಂದ ಕಡತವೂ ಕುಗ್ಗುತ್ತದೆ.

ಆದರೆ ನನ್ನ ಹಟ ವೇಗಕ್ಕಾಗಿ ಅಲ್ಲ, ಡೇಟಾ ಟೈಪಿಗಾಗಿ, ಅಂದರೆ ಒಂದು ಕಾಲಂ ಪಠ್ಯವೋ ಸಂಖ್ಯೆಯೋ ಎಂಬ ಗುರುತಿಗಾಗಿ. ಹಿಂದೊಮ್ಮೆ ಗ್ರಾಹಕರ ದೂರವಾಣಿ ಪಟ್ಟಿಯೊಂದನ್ನು ಸಿಎಸ್‌ವಿಯಿಂದ ಲೋಡ್ ಮಾಡಿದೆ. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಇದ್ದದ್ದು 80 ಆಯಿತು, ಮೈಸೂರಿನ 0821 ಇದ್ದದ್ದು 821 ಆಯಿತು. ಕೆಲವು ಸಾಲುಗಳಲ್ಲಿ ಕೋಡ್ ಖಾಲಿ ಇದ್ದುದರಿಂದ ಇಡೀ ಕಾಲಂ ದಶಮಾಂಶಕ್ಕೆ ತಿರುಗಿ 80.0 ಎಂದು ನಿಂತಿತು. ಅದನ್ನು ಮತ್ತೆ ಪಠ್ಯವಾಗಿಸಿ ಇನ್ನೊಂದು ಪಟ್ಟಿಯೊಡನೆ ಮರ್ಜ್ ಮಾಡಿದರೆ ಒಂದು ಸಾಲೂ ಹೊಂದಲಿಲ್ಲ, ಎರರ್ ಕೂಡ ಬರಲಿಲ್ಲ. ಶನಿವಾರವಿಡೀ ಅದರಲ್ಲೇ ಹೋಯಿತು. ಪಾರ್ಕೆ ಕಡತದ ಬಾಲದಲ್ಲೇ ಸ್ಕೀಮಾ, ಅಂದರೆ ಯಾವ ಕಾಲಂ ಯಾವ ಟೈಪ್ ಎಂಬ ವಿವರ, ಇರುತ್ತದೆ; ಪಠ್ಯವಾಗಿ ಉಳಿಸಿದ 080 ಪಠ್ಯವಾಗಿಯೇ ಮರಳುತ್ತದೆ. ಇದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಲಾಗದು ಎಂಬುದೇ ವಿರೋಧಿಗಳ ದೊಡ್ಡ ತಕರಾರು. ಕೋಟಿ ಸಾಲುಗಳನ್ನು ನೋಟ್‌ಪ್ಯಾಡಿನಲ್ಲಿ ಕೂತು ಓದುವ ಪುಣ್ಯಾತ್ಮರು ಯಾರೋ ನಾನು ಕಂಡಿಲ್ಲ.

ವಿರೋಧ: ಎಲ್ಲಕ್ಕೂ ಬೇಡ

ಈ ಪಕ್ಷ ನನ್ನ ಪಾಲಿಗೆ ಬಂದದ್ದು; ದೊಡ್ಡ ಕಡತಗಳಿಗೆ ನಾನೂ ಪಾರ್ಕೆಯನ್ನೇ ಬಳಸುತ್ತೇನೆ. ಆದರೂ ಪಾಂಡಾಸ್ ಒಂದೇ ಅದನ್ನು ಓದಲಾರದು, ಪೈಆರೋ ಅಥವಾ ಫಾಸ್ಟ್‌ಪಾರ್ಕೆ ಎಂಬ ಬೇರೆ ಲೈಬ್ರರಿಯನ್ನು ಇನ್‌ಸ್ಟಾಲ್ ಮಾಡಿಕೊಂಡಿರಬೇಕು. ಸಿಎಸ್‌ವಿಗೆ ಎರಡು ಸಾಲು ಸೇರಿಸುವುದಾದರೆ ಕೊನೆಯಲ್ಲಿ ಬರೆದರಾಯಿತು; ಪಾರ್ಕೆಯಾದರೆ ಸಾಮಾನ್ಯವಾಗಿ ಕಡತವನ್ನೇ ಹೊಸದಾಗಿ ಬರೆಯಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಎಲ್ಲ ವಿವರವೂ ಬಾಲದಲ್ಲಿದೆ ಎಂದು ಹೊಗಳಿದರಲ್ಲ, ಡೌನ್‌ಲೋಡ್ ಅರ್ಧಕ್ಕೆ ನಿಂತು ಆ ಬಾಲವೇ ಬಾರದಿದ್ದರೆ, ಕೊನೆಯ 4 ಬೈಟುಗಳಲ್ಲಿ ‘ಪಿಎಆರ್1’ ಎಂಬ ಗುರುತು ಕಾಣಲಿಲ್ಲವೆಂದು ಇಡೀ ಕಡತವನ್ನೇ ತಿರಸ್ಕರಿಸಲಾಗುತ್ತದೆ. ಸಿಎಸ್‌ವಿಯಲ್ಲಿ ಬಂದಷ್ಟು ಸಾಲುಗಳಾದರೂ ಕೈಗೆ ಸಿಗುತ್ತವೆ.

080ರ ಗೋಳಿಗೆ ಬಂದರೆ, ಲೋಡ್ ಮಾಡುವಾಗ ಆ ಕಾಲಂ ಪಠ್ಯವೆಂದು ಡಿಟೈಪ್ ಎಂಬ ಆಯ್ಕೆಯಲ್ಲಿ ಹೇಳಿದ್ದರೆ ಅವರ ಶನಿವಾರ ಉಳಿಯುತ್ತಿತ್ತು. 400 ಸಾಲಿನ ಪಟ್ಟಿಯನ್ನು ಕಚೇರಿಯ ಗುಮಾಸ್ತರಿಗೆ ಕಳಿಸುವಾಗ ಅವರು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವಂತಿರಬೇಕು. ಅಲ್ಲಿಯೂ ಆ ಸೊನ್ನೆ ಹಾರಿಹೋಗುತ್ತದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.