ಬಾಕು ಒಪ್ಪಂದದ ದುಡ್ಡು ನೇರ ನಮ್ಮ ಖಾತೆಗೆ ಬರಲ್ಲ: ಸ್ಪಷ್ಟನೆ

‘ಹವಾಮಾನ ಒಪ್ಪಂದದಂತೆ ಶ್ರೀಮಂತ ದೇಶಗಳು ವರ್ಷಕ್ಕೆ 300 ಬಿಲಿಯನ್ ಡಾಲರ್ ಕೊಡ್ತಿವೆ, 2018ರಲ್ಲಿ ತೋಟ ಕಳೆದುಕೊಂಡ ಕೊಡಗಿನವರ ಖಾತೆಗೂ ಬರುತ್ತೆ, ಆಧಾರ್ ಕಳಿಸಿ’ ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು.

2024ರ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ ರಾಜಧಾನಿ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಒಪ್ಪಿದ್ದು, 2035ರ ಹೊತ್ತಿಗೆ ಬಡ, ಅಭಿವೃದ್ಧಿಶೀಲ ದೇಶಗಳಿಗೆ ವರ್ಷಕ್ಕೆ ಕನಿಷ್ಠ ಅಷ್ಟು ಹಣ ಹೊಂದಿಸುವ ಗುರಿ ಮಾತ್ರ. ಅದರಲ್ಲಿ ಸಾಲವೂ ಸೇರುತ್ತದೆ. ಸಾಲ ಅಂದ್ರೆ ವಾಪಸ್ ಕಟ್ಟಬೇಕು, ಅಲ್ವಾ? ಈ ಮೊತ್ತ ತೀರಾ ಕಡಿಮೆ ಎಂದು ಭಾರತ ಅಲ್ಲೇ ಆಕ್ಷೇಪಿಸಿತು. ಹವಾಮಾನ ಬದಲಾವಣೆಯಿಂದಾದ ನಷ್ಟಕ್ಕೆ ನೆರವಾಗಲೆಂದು 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿದ ನಿಧಿ ಬೇರೆಯೇ.

ಶ್ರೀಮಂತ ದೇಶಗಳು ಕೊಡಲೇಬೇಕು ಎನ್ನುವವಳು ನಾನು. ಮಕ್ಕಂದೂರಿನ ಕಡೆ ಗುಡ್ಡ ಜಾರಿ, ಕಾಯಿ ಹಿಡಿದ ಕಾಫಿ ಗಿಡಗಳು ಬೇರು ಮೇಲಾಗಿ ಕೆಸರಲ್ಲಿ ಬಿದ್ದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂಥವರಿಗೆ ಸುಳ್ಳು ಆಸೆ ಹುಟ್ಟಿಸಬೇಡಿ. ಆಧಾರ್ ಯಾರಿಗೂ ಕಳಿಸಬೇಡಿ.