ಈಗ ಬೇಡವೇ? ಆಮೇಲೆ ಕಚ್ಚಲೇ?

ನಮ್ಮ ಮಾವ ದಿನಾ ಬೆಳಗ್ಗೆ ಎಂಟಕ್ಕೆ ಜಗಲಿಯಲ್ಲಿ ಕೂತು ಕಾಳುಮೆಣಸಿನ ರೇಟ್ ನೋಡುತ್ತಾರೆ. ನೋಡುತ್ತಾರೆ ಅನ್ನುವುದಕ್ಕಿಂತ ಹುಡುಕುತ್ತಾರೆ ಅಂದರೆ ಸರಿ. ಇಡೀ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಬಲಮೂಲೆಯಲ್ಲಿ ಮಾತ್ರ, ಅದೂ ಒಂದೂವರೆ ಕಡ್ಡಿ. ಹಾಗಾಗಿ ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಕಾಯಂ. ಪುಟ ಅರ್ಧ ತೆರೆಯುತ್ತದೆ. ‘ಇಂದಿನ ದರ’ ಅನ್ನುವ ತಲೆಬರಹ ಕಾಣುತ್ತದೆ. ದರ ಕಾಣುವ ಮೊದಲೇ ಧೊಪ್ ಅಂತ ಒಂದು ಪೆಟ್ಟಿಗೆ ಬಂದು ಮೇಲೆ ಕೂರುತ್ತದೆ. ಇದೇ ಪಾಪ್‌ಅಪ್. ಐದೇ ನಿಮಿಷದಲ್ಲಿ ಸಾಲ! ಮೂಲೆಯಲ್ಲಿ ನುಸಿಯಷ್ಟು ದೊಡ್ಡ ಎಕ್ಸ್ ಗುರುತು. ಮಾವನದು ನಲವತ್ತು ವರ್ಷ ಕಾಫಿ ಕುಯ್ದ ಹೆಬ್ಬೆರಳು. ಅದರ ಅಡಿಯಲ್ಲಿ ಅಂಥ ಆರು ಎಕ್ಸ್ ಮಲಗಬಹುದು. ಒತ್ತಿದರು. ಸಾಲದ ಅರ್ಜಿ ತೆರೆದುಕೊಂಡಿತು.

“ನಾನು ಮೆಣಸು ಮಾರೋಕೆ ಬಂದವನು. ಇವರು ಸಾಲ ಕೊಟ್ಟೇ ಕಳಿಸೋದು ಅಂತ ಕೂತಿದ್ದಾರಲ್ಲ” ಅಂದರು.

ಈ ಸೇವೆಯನ್ನು ಮೆಚ್ಚಲೇಬೇಕು. ರೇಟಿನ ಪುಟ ಬಾರದ ಸಿಗ್ನಲ್‌ನಲ್ಲೂ ಜಾಹೀರಾತು ಬಂದೇ ಬರುತ್ತದೆ. ಬಣ್ಣ, ಸಂಗೀತ, ಕುಣಿತ ಸಮೇತ. ಮಳೆಗಾಲದಲ್ಲಿ ಬಸ್ಸೂ ಬಾರದ, ಕರೆಂಟೂ ಬಾರದ ಊರಿಗೆ ಒಬ್ಬರಾದರೂ ತಪ್ಪದೆ ಬರುತ್ತಾರಲ್ಲ, ಸಂತೋಷ.

ಕರೆಯದೆ ಬಂದು ಕಚ್ಚುವವರು ಕೊಡಗಿನವರಿಗೆ ಹೊಸಬರಲ್ಲ. ಜೂನ್ ಬಂತೆಂದರೆ ತೋಟಕ್ಕೆ ಇಳಿಯುವ ಮುಂಚೆ ಕಾಲಿಗೆ ಸುಣ್ಣ, ಹೊಗೆಸೊಪ್ಪು, ಸೋಪು, ಎಣ್ಣೆ, ಅವರವರ ಮನೆಯ ಮದ್ದು. ಆದರೂ ಸಂಜೆ ಕಾಲುಚೀಲ ಬಿಚ್ಚಿದರೆ ಒಳಗೆ ಒಂದು ದಪ್ಪ ಜಿಗಣೆ. ಅದಕ್ಕೂ ಒಂದು ಮರ್ಯಾದೆ ಇದೆ ನೋಡಿ. ಹೊಟ್ಟೆ ತುಂಬಿದರೆ ತಾನಾಗಿ ಉದುರುತ್ತದೆ. ‘ಈಗ ಬೇಡವೇ? ಆಮೇಲೆ ಕಚ್ಚಲೇ?’ ಅಂತ ಕೇಳುವುದಿಲ್ಲ. ಕಿತ್ತು ಬಿಸಾಡಿದವನ ಬಾಯಲ್ಲಿ ‘ಹೌದು, ನಾನು ರಕ್ತ ಕೊಡದ ಜಿಪುಣ’ ಅಂತ ಹೇಳಿಸುವುದೂ ಇಲ್ಲ. ಪಾಪ್‌ಅಪ್ ಇವೆರಡನ್ನೂ ಮಾಡುತ್ತದೆ. ಮೊನ್ನೆ ಒಂದು ಅಂಗಡಿಯ ಪುಟದಲ್ಲಿ ಎರಡೇ ಬಟನ್ ಇದ್ದವು. ‘ಹೌದು, ರಿಯಾಯಿತಿ ಬೇಕು.’ ‘ಬೇಡ, ನನಗೆ ಜಾಸ್ತಿ ದುಡ್ಡು ಕೊಡುವುದೇ ಇಷ್ಟ.’ ನಾನು ಎರಡನೆಯದನ್ನು ಒತ್ತಿದೆ. ಹೊರಗೆ ಬರಲು ಬೇರೆ ದಾರಿ ಇರಲಿಲ್ಲ.

ಈ ಪಾಪ್‌ಅಪ್ ಅನ್ನು ಮೊದಲು ಮಾಡಿದ ಪುಣ್ಯಾತ್ಮನ ಹೆಸರು ಈಥನ್ ಜುಕರ್‌ಮನ್. ಫೇಸ್‌ಬುಕ್‌ನ ಜುಕರ್‌ಬರ್ಗ್ ಅಲ್ಲ. ಎಲ್ಲ ಪಾಪವನ್ನೂ ಒಬ್ಬನ ತಲೆಗೇ ಕಟ್ಟಬಾರದು. 1990ರ ದಶಕದಲ್ಲಿ ಈತ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದ. ಯಾರು ಬೇಕಾದರೂ ತಮ್ಮದೊಂದು ಪುಟ ಮಾಡಿಕೊಳ್ಳಬಹುದಾದ ತಾಣ ಅದು. ಅಲ್ಲಿ ಒಂದು ಕಾರು ಕಂಪನಿಯ ಜಾಹೀರಾತು, ಮನೆಮಂದಿ ಮುಂದೆ ಹೇಳಲಾಗದ ವಿಷಯದ ಪುಟದಲ್ಲಿ ಹೋಗಿ ಕೂತುಬಿಟ್ಟಿತು. ಕಾರಿನವರಿಗೆ ಸಿಟ್ಟು ಬಂತು. ಜಾಹೀರಾತನ್ನು ಪುಟಕ್ಕೆ ಅಂಟಿಸುವುದೇ ಬೇಡ, ಬೇರೆ ಕಿಟಕಿಯಲ್ಲಿ ತೆರೆಯೋಣ ಅಂತ ಈತ ಕೋಡ್ ಬರೆದುಕೊಟ್ಟ. ಕಾರಿನ ಮಾನ ಉಳಿಯಿತು. 2014ರಲ್ಲಿ ಲೇಖನ ಬರೆದು ಕ್ಷಮೆಯನ್ನೂ ಕೇಳಿದ, ಉದ್ದೇಶ ಒಳ್ಳೆಯದೇ ಇತ್ತು ಅಂದ. ನಾನಂತೂ ಕ್ಷಮಿಸಿದ್ದೇನೆ. ಆತ ಕೇಳಿದನಲ್ಲ, ಉಳಿದವರು ಅದನ್ನೂ ಕೇಳಿಲ್ಲ.

ಮದ್ದೂ ಬೇಗನೇ ಬಂತು. 2003ರ ಸುಮಾರಿಗೆ ಮಡಿಕೇರಿಯ ಒಂದು ಸೈಬರ್ ಕೆಫೆಯಲ್ಲಿ ರಿಸಲ್ಟ್ ನೋಡಲು ಕೊಡೆ ಮಡಚಿ ಸಾಲು ನಿಲ್ಲುತ್ತಿದ್ದೆವು. ಒಂದು ಪುಟ ತೆರೆದರೆ ಅದರ ಹಿಂದೆ ಮುಂದೆ ಆರು ಕಿಟಕಿ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಅರ್ಧ ಗಂಟೆ ಕಿಟಕಿ ಮುಚ್ಚುವ ಕೆಲಸ. ಕೊನೆಗೆ ಅಂಗಡಿಯ ಹುಡುಗ ಯಾವುದೋ ಸಿ.ಡಿ.ಯಿಂದ ಒಂದು ಪುಟ್ಟ ತಂತ್ರಾಂಶ ಹಾಕಿದ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚಿತ್ರ, ಅಷ್ಟೇ. ಕಿಟಕಿ ಬರುವುದು ನಿಂತಿತು. ಅಬ್ಬಾ, ಆ ಮೌನ! ಅದೇ ವರ್ಷ ಗೂಗಲ್ ಕೂಡ ತನ್ನ ಟೂಲ್‌ಬಾರ್‌ಗೆ ಪಾಪ್‌ಅಪ್ ತಡೆ ಸೇರಿಸಿತು, ಎಷ್ಟು ತಡೆದೆ ಅಂತ ಲೆಕ್ಕವನ್ನೂ ತೋರಿಸುತ್ತಿತ್ತು. ಜಾಹೀರಾತಿನಿಂದಲೇ ಹೊಟ್ಟೆ ಹೊರೆಯುವ ಕಂಪನಿ! 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಅದು ಬಂತು. ಒಪೇರಾ, ಮೊಜಿಲ್ಲಾದಲ್ಲಿ ಅದಕ್ಕೂ ಮೊದಲೇ ಇತ್ತು. ಸೂತ್ರ ಸರಳ. ಬಳಸುವವನು ಏನನ್ನೂ ಒತ್ತದೆ ತಾನಾಗಿ ತೆರೆಯುವ ಕಿಟಕಿಯನ್ನು ಒಳಗೆ ಬಿಡಬೇಡ. ತೋಟಕ್ಕೆ ಬೇಲಿ ಹಾಕಿದ ಹಾಗೆ.

ಬೇಲಿ ಅಂದ ಮೇಲೆ ಆನೆ ಬರಲೇಬೇಕು. ನಮ್ಮ ಕಡೆ ಸೋಲಾರ್ ಬೇಲಿ ಹಾಕಿದ ಮೊದಲ ವರ್ಷ ಆನೆ ತಂತಿ ಮುಟ್ಟಿ ಓಡಿತು. ಆಮೇಲೆ ಪಕ್ಕದ ಮರವನ್ನೇ ತಂತಿಯ ಮೇಲೆ ಕೆಡವಿ, ನಿಧಾನಕ್ಕೆ ಒಳಗೆ ಬಂದು ಹಲಸು ತಿಂದು ಹೋಯಿತು. ಕೊನೆಗೆ ಆನೆ ತಡೆಯಲು ರೈಲು ಕಂಬಿಯ ಬೇಲಿ ಬಂತು. ರೈಲೇ ಇಲ್ಲದ ಜಿಲ್ಲೆಗೆ ಕಂಬಿ ಬಂದದ್ದು ಆನೆಯ ದಯೆಯಿಂದ. ಜಾಹೀರಾತಿನವರೂ ಆನೆಯಷ್ಟೇ ಜಾಣರು. ಒತ್ತಿದರೆ ಮಾತ್ರ ತೆರೆಯಬೇಕಾ? ಸರಿ, ಪುಟದಲ್ಲಿ ಎಲ್ಲಿ ಒತ್ತಿದರೂ ತೆರೆಯಲಿ. ಬೇರೆ ಕಿಟಕಿ ಬೇಡವಾ? ಪುಟದ ಒಳಗೇ ಪರದೆ ಎಳೆಯೋಣ. ಅದು ಕಿಟಕಿಯೇ ಅಲ್ಲ, ಹಳೆ ಬೇಲಿಗೆ ಗೊತ್ತೇ ಆಗುವುದಿಲ್ಲ. ಆನೆಗಾದರೂ ಹಸಿವಿತ್ತು.

ಕಂಪ್ಯೂಟರ್ ಮುಚ್ಚಿ ಹೊರಗೆ ಹೋದರೆ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಕುಶಾಲನಗರದಿಂದ ಸುಂಟಿಕೊಪ್ಪ ದಾಟಿ ಮಡಿಕೇರಿ ಹತ್ತುವ ದಾರಿಯಲ್ಲಿ ಒಮ್ಮೆ ಕಣ್ಣು ಬಿಟ್ಟು ಕೂತು ನೋಡಿ. ಹೋಮ್‌ಸ್ಟೇ, ಹೋಮ್‌ಮೇಡ್ ಚಾಕೊಲೇಟ್, ಹೋಮ್‌ಮೇಡ್ ವೈನ್, ಶುದ್ಧ ಜೇನು, ಮತ್ತೆ ಹೋಮ್‌ಸ್ಟೇ. ಒಂದು ಬೋರ್ಡಿನ ಮೇಲೆ ಇನ್ನೊಂದು. ರಜೆ ದಿನವಾದರೆ ತಿರುವಿನಲ್ಲಿ ಒಬ್ಬ ಕಾರ್ಡು ಹಿಡಿದು ಕಾರಿಗೆ ಅಡ್ಡ ನಿಲ್ಲುತ್ತಾನೆ. ನನ್ನ ಕಾರಿಗೂ ನಿಂತ. “ಸಾರ್, ರೂಮ್ ಬೇಕಾ?” “ಇಲ್ಲೇ ಮನೆ ಇದೆ ಮಾರಾಯ” ಅಂದೆ. “ಎಷ್ಟು ರೂಮ್ ಇದೆ ಸಾರ್? ಬಾಡಿಗೆಗೆ ಕೊಡ್ತೀರಾ?” ಅಂದ.

ಇರಲಿ. ಅವನಿಗೆ ಬೇಡ ಅಂದರೆ ಪಕ್ಕಕ್ಕೆ ಸರಿಯುತ್ತಾನೆ.

ಸರ್ಕಾರ ಸುಮ್ನೆ ಕೂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಬಳಸುವವನನ್ನು ಯಾಮಾರಿಸುವ ಪುಟವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಹದಿಮೂರು ಬಗೆಯ ಮೋಸಗಳ ಪಟ್ಟಿ. ಪದೇ ಪದೇ ಕೇಳಿ ಪೀಡಿಸುವುದು ಅದರಲ್ಲಿದೆ. ಬೇಡ ಅಂದವನಿಗೆ ನಾಚಿಕೆಯಾಗುವಂತೆ ಬಟನ್ ಬರೆಯುವುದೂ ಇದೆ. ‘ಇಲ್ಲ’ ಅನ್ನುವ ಆಯ್ಕೆಯನ್ನೇ ಕೊಡದೆ ನೋಟಿಫಿಕೇಶನ್‌ಗೆ ಒಪ್ಪಿಗೆ ಕೇಳುವುದೂ ತಪ್ಪು ಅಂತ ಬರೆದಿದ್ದಾರೆ. ಓದುತ್ತಾ ಓದುತ್ತಾ ನನಗೆ ಕಣ್ಣು ತುಂಬಿ ಬಂತು. 2025ರ ಜೂನ್‌ನಲ್ಲಿ ಇನ್ನೊಂದು ಹೆಜ್ಜೆ: ಇ-ಕಾಮರ್ಸ್ ಕಂಪನಿಗಳು ಮೂರು ತಿಂಗಳ ಒಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಲಿ. ನವೆಂಬರ್ ಹೊತ್ತಿಗೆ 26 ಕಂಪನಿಗಳು ನಮ್ಮಲ್ಲಿ ಅಂಥದ್ದೇನೂ ಇಲ್ಲ ಅಂತ ತಾವೇ ಘೋಷಿಸಿಕೊಂಡವು. ಎಷ್ಟು ಸುಲಭ! ತೋಟಕ್ಕೆ ನುಗ್ಗಿದ ಹಂದಿಯ ಹತ್ತಿರವೂ ಒಂದು ಘೋಷಣಾಪತ್ರ ಬರೆಸಿಕೊಂಡರೆ ಕಾವಲಿನ ಖರ್ಚು ಉಳಿಯುತ್ತದೆ.

ನಗುತ್ತಾ ಬರೆಯುತ್ತಿದ್ದೇನೆ, ಆದರೆ ಒಂದು ರಾತ್ರಿ ನಗು ಬಂದಿರಲಿಲ್ಲ. 2018ರ ಆಗಸ್ಟ್. ಮಕ್ಕಂದೂರು ಕಡೆ ಗುಡ್ಡ ಕುಸಿದಿತ್ತು, ಜೋಡುಪಾಲದಲ್ಲಿ ಕುಸಿದಿತ್ತು, ಸಂಪಾಜೆ ರಸ್ತೆ ಹೋಗಿತ್ತು. ನಮ್ಮವರು ಕೆಲವರು ದಾರಿಯಲ್ಲಿದ್ದರು. ಕರೆಂಟಿಲ್ಲ. ಫೋನಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜ್. ಯಾವ ರಸ್ತೆ ತೆರೆದಿದೆ ಅಂತ ನೋಡಲು ಒಂದು ಸುದ್ದಿತಾಣ ತೆರೆದೆ. ಪುಟ ಬರಲು ನಾಲ್ಕು ನಿಮಿಷ. ಬಂತು. ಅದರ ಮೇಲೆ ಒಂದು ಹಾಸಿಗೆಯ ಜಾಹೀರಾತು, ಎಕ್ಸ್ ಗುರುತು ಇನ್ನೂ ಲೋಡ್ ಆಗಿರಲಿಲ್ಲ. ಹಾಸಿಗೆಯ ಹಿಂದೆ ‘ರಸ್ತೆ ಬಂದ್’ ಅನ್ನುವ ಎರಡು ಪದ ಮಾತ್ರ ಕಾಣುತ್ತಿತ್ತು. ಯಾವ ರಸ್ತೆ? ಯಾವ ರಸ್ತೆ ಬಂದ್? ಇದನ್ನು ಯಾರೋ ಒಬ್ಬರು ಕೂತು ಮಾಡಿದ್ದಾರೆ. ಪುಟಕ್ಕಿಂತ ಮೊದಲು ಜಾಹೀರಾತು ಬರಲಿ, ಎಕ್ಸ್ ನಿಧಾನಕ್ಕೆ ಬರಲಿ ಅಂತ ಒಂದು ಮೀಟಿಂಗ್‌ನಲ್ಲಿ ತೀರ್ಮಾನ ಆಗಿದೆ, ಯಾರೋ ಹೂಂ ಅಂದಿದ್ದಾರೆ. ಇದು ಮಳೆಯಲ್ಲ, ಗುಡ್ಡವೂ ಅಲ್ಲ. ನನಗೆ ಸಾಕಾಗಿದೆ.

ಕಳೆದ ವಾರ ಮಾವನ ಫೋನಿಗೆ ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯನ್ನು ಸೇರಿಸಿದೆ. ರೇಮಂಡ್ ಹಿಲ್ ಎಂಬವನು ಶುರು ಮಾಡಿದ್ದು. ದುಡ್ಡು ಕೊಡ್ತೇವೆ ಅಂದರೂ ದೇಣಿಗೆ ತಗೊಳ್ಳದ ಆಸಾಮಿ. ಕ್ರೋಮ್‌ನಲ್ಲಿ ಇಂಥ ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶಗಳ ನಿಯಮ ಬದಲಾಗಿ ಇದು ಅಲ್ಲಿಂದ ಹೊರಬಿತ್ತು, ಲೈಟ್ ಅನ್ನುವ ತಮ್ಮ ಒಬ್ಬ ಅಲ್ಲಿದ್ದಾನೆ. ಹಾಕುವಾಗ ಹಳೆ ಬ್ರೌಸರ್‌ನ ನೋಟಿಫಿಕೇಶನ್ ಪಟ್ಟಿ ತೆಗೆದು ನೋಡಿದೆ. ಇಪ್ಪತ್ಮೂರು ತಾಣಗಳಿಗೆ ಅನುಮತಿ! ರಾತ್ರಿ ಎರಡಕ್ಕೆ ‘ನಿಮ್ಮ ಫೋನಿಗೆ ವೈರಸ್ ಹತ್ತಿದೆ’ ಅಂತ ಎಬ್ಬಿಸುತ್ತಿದ್ದುದು ಇವೇ.

“ಯಾಕೆ ಎಲ್ಲದಕ್ಕೂ ಹೂಂ ಅಂದ್ರಿ?”

“ಕೇಳಿದ್ರು. ಬಾಗಿಲಿಗೆ ಬಂದು ಕೇಳಿದವರಿಗೆ ಬೇಡ ಅನ್ನೋಕೆ ಆಗ್ತದಾ?”

ಒಂದೊಂದಾಗಿ ಇಪ್ಪತ್ಮೂರನ್ನೂ ಹೊರಗೆ ಹಾಕಿದೆ. ಮನೆಯಲ್ಲಿ ಎರಡು ದಿನ ಶಾಂತಿ. ಮೂರನೇ ದಿನ ಮಾವನಿಗೆ ಒಂದು ಸರ್ಟಿಫಿಕೇಟ್ ಬೇಕಾಯಿತು. ಒಂದು ಇಲಾಖೆಯ ತಾಣ. ಹೆಸರು, ವಿಳಾಸ, ಓಟಿಪಿ, ವಕ್ರ ಅಕ್ಷರದ ಕ್ಯಾಪ್ಚಾ, ಹಣ ಕಟ್ಟಿದ್ದೂ ಆಯಿತು. ಪ್ರಿಂಟ್ ಒತ್ತಿದರೆ ಕೆಂಪು ಅಕ್ಷರ: ‘ದಯವಿಟ್ಟು ಪಾಪ್‌ಅಪ್ ತಡೆಯನ್ನು ತೆಗೆಯಿರಿ.’ ಸರ್ಟಿಫಿಕೇಟ್ ಬರುವುದೇ ಪಾಪ್‌ಅಪ್‌ನಲ್ಲಂತೆ! ಒಂದು ಕಡೆ ಪೀಡಿಸಬೇಡಿ ಅಂತ ಮಾರ್ಗಸೂಚಿ, ಇನ್ನೊಂದು ಕಡೆ ಬೇಲಿ ತೆಗೆದು ನಿಲ್ಲಿ ಅಂತ ಕೆಂಪು ಅಕ್ಷರ. ಬೇಲಿ ತೆಗೆದೆ. ಅಷ್ಟರಲ್ಲಿ ‘ನಿಮ್ಮ ಅವಧಿ ಮುಗಿದಿದೆ.’

ನಾಲ್ಕನೇ ದಿನ ಬೆಳಗ್ಗೆ ಎಂಟಕ್ಕೆ ಮಾವ ರೇಟಿನ ಪುಟ ತೆರೆದರು. ಪೆಟ್ಟಿಗೆ ಬರಲಿಲ್ಲ. ರೇಟೂ ಬರಲಿಲ್ಲ. ‘ನೀವು ಜಾಹೀರಾತು ತಡೆ ಬಳಸುತ್ತಿದ್ದೀರಿ. ಅದನ್ನು ತೆಗೆದರೆ ಮಾತ್ರ ದರ ತೋರಿಸುತ್ತೇವೆ’ ಅಂತ ಒಂದು ಸಾಲು.

ಮಾವ ಕನ್ನಡಕ ತೆಗೆದಿಟ್ಟು ಗೋಣಿಕೊಪ್ಪದ ವ್ಯಾಪಾರಿಗೆ ಫೋನ್ ಹಚ್ಚಿದರು. ನಿನ್ನೆ ನಿಮ್ಮಲ್ಲಿ ಮಳೆ ಎಷ್ಟು ಅಂತ ಆ ಕಡೆಯಿಂದ ಪ್ರಶ್ನೆ. ಎಂಬತ್ತು ಸೆಂಟ್ ಅಂದರು (ನೂರು ಸೆಂಟಿಗೆ ಒಂದು ಇಂಚು). ಅವರಲ್ಲಿ ಒಂದು ಇಂಚು ದಾಟಿತ್ತಂತೆ. ಕಾಫಿ ಹೂವಿನ ಮಾತಾಯಿತು, ಕೆಲಸದವರು ಸಿಗದ ಮಾತಾಯಿತು, ಯಾರದೋ ಮಗಳ ಮದುವೆ, ಯಾರದೋ ಮಂಡಿನೋವು. ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದರು. ಮೆಣಸಿನ ರೇಟ್ ಬಂದದ್ದು ಹನ್ನೊಂದನೇ ನಿಮಿಷಕ್ಕೆ. ನಿನ್ನೆಗಿಂತ ಎರಡು ರೂಪಾಯಿ ಕಡಿಮೆ.