ಶೇ 31ರ ಲೆಕ್ಕ ಮತ್ತು ದೊಡ್ಡಪ್ಪನ ಹಾಡು

ಈ ವಾರ ಮೂರನೆಯ ಸಲ ಅದೇ ಚಿತ್ರ ಮೊಬೈಲಿಗೆ ಬಂದಿದೆ. ಹಿನ್ನೆಲೆಯಲ್ಲಿ ಮುಳುಗುವ ಸೂರ್ಯ, ನಡುವೆ ಒಂದು ಪಿಟೀಲು, ಮೇಲೆ ದಪ್ಪಕ್ಷರದಲ್ಲಿ ‘ಕಲೆಯನ್ನು ಸವಿಯುವವರ ಆಯಸ್ಸು ಶೇ 31ರಷ್ಟು ಹೆಚ್ಚು!’ ಕಳುಹಿಸಿದವರೆಲ್ಲ ನನ್ನ ಹಾಗೆ ಹಾಡು, ನಾಟಕ ಎಂದರೆ ಊಟ ನಿದ್ದೆ ಮರೆಯುವವರು. ಅದಕ್ಕೇ ಹೆಚ್ಚು ಬೇಸರ. ನಮ್ಮ ಪರವಾಗಿರುವ ಸುಳ್ಳಾದರೆ ನಾವೂ ಪ್ರಶ್ನಿಸದೆ ನುಂಗುತ್ತೇವೆ.

ಅಸಲು ಸಂಗತಿ ಇಷ್ಟು. 2019ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡೇಸಿ ಫ್ಯಾನ್‌ಕೋರ್ಟ್ ಮತ್ತು ಆಂಡ್ರ್ಯೂ ಸ್ಟೆಪ್ಟೋ ಅವರ ಅಧ್ಯಯನವೊಂದು ಪ್ರಕಟವಾಯಿತು. ಇಂಗ್ಲೆಂಡಿನ, 50 ದಾಟಿದ 6,710 ಜನರ ಹದಿನಾಲ್ಕು ವರ್ಷಗಳ ಲೆಕ್ಕ ಅದು. ಕೆಲವು ತಿಂಗಳಿಗೊಮ್ಮೆಯಾದರೂ ನಾಟಕ, ಸಂಗೀತ ಕಛೇರಿ, ವಸ್ತುಸಂಗ್ರಹಾಲಯ ಎಂದು ಹೋಗುತ್ತಿದ್ದವರು ಆ ಅವಧಿಯಲ್ಲಿ ಸಾಯುವ ಸಂಭವ, ಎಂದೂ ಹೋಗದವರಿಗೆ ಹೋಲಿಸಿದರೆ ಶೇ 31ರಷ್ಟು ಕಡಿಮೆಯಿತ್ತು. ವರ್ಷಕ್ಕೆ ಒಂದೆರಡು ಸಲ ಹೋಗುವವರಲ್ಲಿ ಶೇ 14. ಇದಕ್ಕೂ ‘ಆಯಸ್ಸು ಹೆಚ್ಚು’ ಎನ್ನುವುದಕ್ಕೂ ಅಜಗಜಾಂತರ. ಚಿತ್ರದ ಮಾತು ನಿಜವಾಗಿದ್ದರೆ ಎಂಬತ್ತಕ್ಕೆ ಕಣ್ಣುಮುಚ್ಚಬೇಕಾದವರು ನೂರೈದರವರೆಗೂ ಮುಂದಿನ ಸಾಲಿನಲ್ಲಿ ಕುಳಿತು ನಾಟಕ ನೋಡುತ್ತಿರಬೇಕಿತ್ತು.

ಇನ್ನೊಂದು ತೊಡಕು. ಮಂಡಿ ನೋಯುವವರು, ದುಡಿದು ಬಸವಳಿದವರು, ಕೈಯಲ್ಲಿ ಕಾಸಿಲ್ಲದವರು ನಾಟಕಕ್ಕೆ ಹೋಗುವುದೇ ಕಡಿಮೆ. ಬೇಗ ಸಾಯುವವರೂ ಅವರೇ. ಹಣ, ವಿದ್ಯೆ, ಆರೋಗ್ಯದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಉಳಿಯಿತು ಎನ್ನುವುದು ಅಧ್ಯಯನದ ಹೆಚ್ಚುಗಾರಿಕೆ. ಆದರೂ ಕಲೆಯೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ಪಿಟೀಲಿನ ಚಿತ್ರದಲ್ಲಿ ಆ ಸಾಲಿಗೆ ಜಾಗವಿರಲಿಲ್ಲ, ಅಷ್ಟೆ.

ಈ ರೋಗ ಹಳೆಯದು. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಟ್ಸಾರ್ಟ್ ಸಂಗೀತ ಕೇಳಿಸಿದಾಗ ಒಂದು ಬಗೆಯ ಆಕಾರದ ಒಗಟುಗಳಲ್ಲಿ ಅವರ ಅಂಕ ತುಸು ಏರಿತು, ಹತ್ತು ಹದಿನೈದು ನಿಮಿಷದಲ್ಲಿ ಇಳಿಯಿತು. ಐದು ವರ್ಷಗಳಲ್ಲಿ ಅದು ಎಲ್ಲಿಗೆ ಮುಟ್ಟಿತೆಂದರೆ, ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಕೊಡಲು ಬಜೆಟ್‌ನಲ್ಲಿ ಹಣ ಕೇಳಿದರು.

ನನಗೆ ಮೆಚ್ಚುಗೆಯಾಗುವುದು ಸಣ್ಣ ಪ್ರಶ್ನೆ ಕೇಳುವ ಅಧ್ಯಯನಗಳು. ಹೆರಿಗೆಯ ನಂತರ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರ ಮೇಲಿನ ಒಂದು ಅಧ್ಯಯನ 2018ರಲ್ಲಿ ಬಂದಿತು. ಹತ್ತು ವಾರ ಕೆಲವರು ಮಗುವಿನೊಂದಿಗೆ ಗುಂಪಿನಲ್ಲಿ ಹಾಡಿದರು, ಕೆಲವರು ಗುಂಪಿನಲ್ಲೇ ಆಟವಾಡಿದರು, ಉಳಿದವರಿಗೆ ಎಂದಿನ ಆರೈಕೆ. ಆ ನಡುವಿನ ಗುಂಪಿನಲ್ಲೇ ಜಾಣತನವಿರುವುದು. ಮನೆಯಿಂದ ಹೊರಬಂದು ನಾಲ್ಕು ಜನರೊಂದಿಗೆ ಕುಳಿತದ್ದಕ್ಕೆ ಹಗುರಾಯಿತೋ, ಹಾಡಿದ್ದಕ್ಕೋ ಎಂದು ಕೇಳಲು ಅದರಿಂದ ಸಾಧ್ಯವಾಯಿತು. ಲಕ್ಷಣಗಳು ತೀವ್ರವಾಗಿದ್ದವರಲ್ಲಿ, ಎಂದಿನ ಆರೈಕೆಯವರಿಗಿಂತ ಹಾಡಿದವರು ಬೇಗ ಚೇತರಿಸಿಕೊಂಡರು. ಆಟದ ಗುಂಪಿನ ಬಗ್ಗೆ ಹಾಗೆ ಖಚಿತವಾಗಿ ಹೇಳುವಂತಿರಲಿಲ್ಲ. ‘ಬೇಗ’ ಎಂಬ ಒಂದೇ ಪದ. ಎಳೆಗೂಸಿನ ತಾಯಿಗೆ ಅದು ಸಣ್ಣದಲ್ಲ.

ದೊಡ್ಡಪ್ಪನಿಗೆ ಪಾರ್ಶ್ವವಾಯು ಆದಾಗ ಬಲಗೈಯೊಂದಿಗೆ ಮಾತೂ ಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತಿತ್ತು. ಹೇಳಬೇಕಾದದ್ದು ಬಾಯಿಗೆ ಬರುತ್ತಿರಲಿಲ್ಲ. ‘ನೀ… ನೀ…’ ಎಂದು ತಡವರಿಸಿ ಎಡಗೈಯಿಂದ ಮಂಚ ಗುದ್ದುತ್ತಿದ್ದರು. ಒಂದು ಸಂಜೆ ಬಟ್ಟೆ ಮಡಿಸುತ್ತ ದೊಡ್ಡಮ್ಮ ಯಾವುದೋ ಹಳೆಯ ಹಾಡು ಗುನುಗುತ್ತಿದ್ದರು. ಎರಡನೆಯ ಸಾಲಿಗೆ ದೊಡ್ಡಪ್ಪ ದನಿಗೂಡಿಸಿದರು, ಬರೀ ರಾಗವಲ್ಲ, ಪದ ಪದವೂ ಸ್ಪಷ್ಟ. ದೊಡ್ಡಮ್ಮನ ಕೈಯಲ್ಲಿದ್ದ ಪಂಚೆ ಹಾಗೇ ನಿಂತಿತು. ಹಾಡು ಮುಗಿದದ್ದೇ ಮತ್ತೆ ‘ನೀ… ನೀ…’

ಇದರಲ್ಲಿ ಪವಾಡವೇನಿಲ್ಲ. ಹೆಚ್ಚಿನವರಲ್ಲಿ ಮಾತಿನ ಹಿಡಿತ ಮಿದುಳಿನ ಎಡಭಾಗದಲ್ಲಿರುತ್ತದೆ. ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಇದನ್ನೇ ಬಳಸಿಕೊಂಡು ಬಾಸ್ಟನ್ನಿನ ಚಿಕಿತ್ಸಕರು 1973ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಸಣ್ಣ ವಾಕ್ಯವನ್ನು ಎರಡೇ ಸ್ವರದಲ್ಲಿ ಹಾಡಿಸುವುದು, ಜೊತೆಗೆ ಎಡಗೈಯಿಂದ ತಾಳ ತಟ್ಟಿಸುವುದು. ಎಲ್ಲರಿಗೂ ಫಲಿಸುವುದಿಲ್ಲ. ಫಲಿಸಿದವರೂ ಮೊದಲಿನಂತೆ ಹರಟುತ್ತಾರೆಂದಲ್ಲ.

ನಮ್ಮ ಮನೆಗೂ ಅಂಥ ಚಿಕಿತ್ಸಕಿಯೊಬ್ಬರು ಬಂದರು. ಅದೇ ದಿನಗಳಲ್ಲಿ ನೆಂಟರೊಬ್ಬರು, ‘ಸಂಗೀತದಲ್ಲೇ ಗುಣವಾಗುವುದಾದರೆ ರಕ್ತದೊತ್ತಡದ ಮಾತ್ರೆ ಯಾಕೆ, ರಾಗ ಹಾಕಿ ಕೇಳಿಸಿ’ ಎಂದು ಉಪದೇಶಿಸಿ ಹೋದರು. ಪಿಟೀಲಿನ ಚಿತ್ರದ ಮೇಲೆ ನನಗಿರುವ ಸಿಟ್ಟಿನ ಬೇರು ಅಲ್ಲಿದೆ. ಆ ಮಾತ್ರೆ ಇರುವುದು ಎರಡನೆಯ ಸಲ ಪಾರ್ಶ್ವವಾಯು ಬಡಿಯದಿರಲಿ ಎಂದು. ರಾಗ ಆ ಕೆಲಸವನ್ನು ಮಾಡಲಾರದು, ಮಾತ್ರೆ ಹಾಡಿಸಲಾರದು.

ಈಗಲೂ ದೊಡ್ಡಪ್ಪ ಪತ್ರಿಕೆಯ ಸುದ್ದಿ ಓದಿ ಹೇಳಲಾರರು. ಮಧ್ಯಾಹ್ನ ಮಾತ್ರೆಯ ಹೊತ್ತಿಗೆ ತೊಡೆ ತಟ್ಟುತ್ತ ‘ನೀ-ರು ಕೊ-ಡು’ ಎಂದು ಎರಡು ಸ್ವರದಲ್ಲಿ ಹಾಡುತ್ತಾರೆ. ‘ಬಂ-ದೆ ಇ-ರಿ’ ಎಂದು ಒಳಗಿನಿಂದ ದೊಡ್ಡಮ್ಮ, ಶ್ರುತಿ ತಪ್ಪಿ.